ಸೆರಗಿನ ಗಂಟು

ನಗೋದಿದ್ರೆ ಈಗಲೇ ನಕ್ಕುಬಿಡ್ರಿ, ಆಮೇಲೆ ನಡುವೆ ಬಾಯಿ ಹಾಕಬೇಡ್ರಿ. ಇದು ನಮ್ಮ ದೊಡ್ಡಮ್ಮನ ಮಗಳು ಕೊಟ್ರಕ್ಕನಿಗೆ ಆದದ್ದು. ಎಪ್ಪತ್ತೆಂಟನೇ ಇಸವಿ, ನಲ್ಲೂರಿನ ಹತ್ತಿರ.

ರಾತ್ರಿ ಒಂಬತ್ತು ದಾಟಿತ್ತು. ಕೆಲಸ ಮುಗಿಸಿ ಒಬ್ಬಳೇ ಬರ್ತಿದ್ದಳು. ಹಾಳುಬಾವಿ ಹತ್ತಿರ ಹಿಂದೆ ಸಪ್ಪಳ... ಪಚ್... ಪಚ್... ಬರಿಗಾಲು. ಸಣ್ಣ ಕಾಲು. ನಿಂತಳು. ಅದೂ ನಿಂತಿತು. ಆಮೇಲೆ ಯಾರೋ ಸೆರಗು ಹಿಡಿದು ಮೆಲ್ಲಗೆ ಜಗ್ಗಿದರು.

"ಗಂಟು ಹಾಕು..."

ಆ ದನಿ ಅವಳಿಗೆ ಗೊತ್ತಿತ್ತು. ಹೆಂಗೆ ಗೊತ್ತು ಅಂತ ಕೇಳ್ರಿ.

ಕೊಟ್ರಕ್ಕ ಊರಾಚೆ ಒಂದು ಮನೇಲಿ ಆಯಾ ಆಗಿದ್ದಳು. ಮನಸ್ಸಿನ ಕಾಯಿಲೆ ಇರೋ ಸಣ್ಣ ಮಕ್ಕಳನ್ನ ಅಲ್ಲೇ ಇಟ್ಟುಕೊಂಡು ಔಷಧ ಕೊಡೋ ಮನೆ ಅದು. ಹನ್ನೊಂದು ಮಕ್ಕಳು. ಅದರಲ್ಲಿ ಸೊಕ್ಕೆ ಅನ್ನೋ ಊರಿಂದ ಬಂದ ಹುಡುಗಿ ಗಾದ್ರಿಗೆ ಆರು ವರ್ಷ. ತಾಯಿ ಸತ್ತಾಗಿನಿಂದ ಮಾತಿಲ್ಲ, ನಿದ್ದೆಯಿಲ್ಲ. "ಮಂಡಕ್ಕಿ ತರ್ತೀನಿ, ಇಲ್ಲೇ ಇರು" ಅಂತ ಬಿಟ್ಟುಹೋದ ಅಪ್ಪ ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಮಗು ಗೇಟು ಬಿಟ್ಟು ಕದಲ್ತಿರಲಿಲ್ಲ.

ಕೊನೆಗೆ ಒಂದು ರಾತ್ರಿ ಕೊಟ್ರಕ್ಕ ತನ್ನ ಸೆರಗಿನ ತುದಿಗೂ ಮಗುವಿನ ಲಂಗಕ್ಕೂ ಗಂಟು ಹಾಕಿದಳು. "ಇದು ಇರೋತನಕ ನಾನು ಎಲ್ಲಿಗೂ ಹೋಗಂಗಿಲ್ಲವ್ವ." ಗಾದ್ರಿ ಆ ಗಂಟನ್ನ ಬಾಯಲ್ಲಿಟ್ಟು ಚೀಪ್ತಾ ಮಲಗಿತು. ದಿನಾ ಅದೇ ರೂಢಿ ಆಯ್ತು. ನಾಲ್ಕನೇ ತಿಂಗಳಿಗೆ ಮೊದಲ ಮಾತು ಆಡಿತು. "ಗಂಟು ಹಾಕು."

ಅಂಥ ಮಗುವನ್ನ ದೂರದ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅಂತ ಕಾಗದ ಬಂತು. ಆ ಮನೆಯ ಮೇಲ್ವಿಚಾರಕರು ಮಲ್ಲಿಕಾರ್ಜುನಪ್ಪ ಅಂದ್ರು, "ಎಚ್ಚರ ಇದ್ರೆ ರಂಪ ಮಾಡ್ತೈತೆ. ನಿದ್ದೆ ಹತ್ತಿದ ಮೇಲೆ ಬಿಚ್ಚಿಬಿಡಮ್ಮ. ಹದಿನೈದು ದಿನಕ್ಕೆ ವಾಪಸ್ ಬರ್ತೈತೆ." ದೊಡ್ಡೋರ ಮಾತು ಅಂತ ಕೊಟ್ರಕ್ಕ ನಂಬಿದಳು. ಕೈಯಾರೆ ಗಂಟು ಬಿಚ್ಚಿದಳು. ಮಲಗಿದ್ದ ಮಗುವನ್ನ ಎತ್ತಿಕೊಂಡು ಜೀಪು ಹೋಯ್ತು.

ಹದಿನೈದು ದಿನ ಕಳೆದು ಎರಡು ತಿಂಗಳಾಯ್ತು. ಕೊಟ್ರಕ್ಕ ಈಗ ರಾತ್ರಿ ಅಲ್ಲಿ ಮಲಗೋದು ಬಿಟ್ಟು ಮನೆಗೆ ಬರ್ತಿದ್ದಳು. ಕೇಳಿದಾಗಲೆಲ್ಲ ಮಲ್ಲಿಕಾರ್ಜುನಪ್ಪನದು ಒಂದೇ ಉತ್ತರ. "ಚೆನ್ನಾಗೈತೆ ಕಣಮ್ಮ. ಉಣ್ತೈತೆ, ಆಡ್ತೈತೆ."

ಈಗ ನೋಡಿದ್ರೆ ಬಾವಿ ಹತ್ತಿರ... ಯಾರೋ ಸೆರಗು ಜಗ್ತಿದ್ದಾರೆ. ಕೊಟ್ರಕ್ಕ ತಿರುಗಿ ನೋಡಲಿಲ್ಲ. ಪಿಸುಗುಟ್ಟಿದಳು.

"ಗಾದ್ರಿ... ಹೆಂಗೆ ಬಂದೆವ್ವ?"

"ಎದ್ದಾಗ ನೀನಿರಲಿಲ್ಲ..."

ಅಷ್ಟೇ. ಜೀರುಂಡೆ ಸದ್ದೂ ನಿಂತಿತ್ತಂತೆ.

ಬೆಳಗಾಗೋದೇ ತಡ, ಮಲ್ಲಿಕಾರ್ಜುನಪ್ಪನ ಮುಂದೆ ಹೋಗಿ ನಿಂತಳು. "ಸಾರ್, ಆ ಕೂಸು ಸತ್ತು ಎಷ್ಟು ದಿನ ಆತ್ರಿ?"

ಅವರು ಎದ್ದು ಬಾಗಿಲು ಮುಚ್ಚಿದರು. "ಯಾರಮ್ಮ ಹೇಳಿದ್ದು?... ಹೋದ ಮೂರನೇ ದಿನ. ಜ್ವರ. ಗೊತ್ತಾದ್ರೆ ನೀನು ಕೆಲಸ ಬಿಡ್ತೀಯ, ಉಳಿದ ಮಕ್ಕಳನ್ನ ನೋಡಾಕೆ ಯಾರೂ ಇರಲ್ಲ ಅಂತ..."

"ನನ್ನ ಕೈಲಿ ಮೋಸ ಮಾಡಿಸಿದ್ರಿ. ಆಮೇಲೆ ನನಗೂ ಮಾಡಿದ್ರಿ." ಅಷ್ಟು ಹೇಳಿ ಬಂದವಳು ಮತ್ತೆ ಆ ಗೇಟು ದಾಟಲಿಲ್ಲ. ನನಗೆ ಈಗಲೂ ಆ ಮನುಷ್ಯನ ಹೆಸರು ಎತ್ತಿದ್ರೆ ಹೊಟ್ಟೆ ಉರೀತದೆ.

ಎಂಬತ್ತೆರಡರಲ್ಲಿ ನನ್ನ ಮದುವೆಗೆ ಬಂದಿದ್ದಳು. ನಾನೇ ಕೊಟ್ಟ ಹೊಸ ಸೀರೆ, ಮಡಿಕೆ ಮುರಿದಿರಲಿಲ್ಲ. ನನ್ನೆದುರೇ ಬಿಚ್ಚಿ ಉಟ್ಟಳು, ನನ್ನ ಪಕ್ಕದಲ್ಲೇ ಮಲಗಿದಳು. ಬೆಳಗ್ಗೆ ನೋಡ್ತೀನಿ, ಸೆರಗಿನ ತುದೀಲಿ ಗಂಟು.

"ಬಿಚ್ಚಲೇನಕ್ಕ?" ಅಂತ ಕೈ ಹಾಕಿದೆ. ಫಟ್ ಅಂತ ಹೊಡೆದಳು.

"ಬಿಡೇ. ಒಂದ್ಸಲ ಬಿಚ್ಚಿದ್ದು ಸಾಕು."

ನಂಬೋರು ನಂಬ್ರಿ, ಬಿಡೋರು ಬಿಡ್ರಿ. ಮುಟ್ಟಿದ್ದು ನಾನು, ಇದೇ ಕೈ. ಆ ಗಂಟು ಒದ್ದೆಯಾಗಿತ್ತು.