ಬಾವಿ ಬಾಯಿಯ ತಗಡು

ಬರ್ರಿ, ಹತ್ತರ ಬರ್ರಿ. ಕೌದಿ ಕಾಲ ಮ್ಯಾಲ ಎಳಕೊಳ್ರಿ. ಆ ಫೋನ್ ಆಚೀಗ ಇಡೊ ತಮ್ಮಾ, ಅದರ ಬೆಳಕಿನಾಗ ಈ ಮಾತ ಹೇಳಾಕ ಬರೂದಿಲ್ಲ. ಅಂಜಿಕಿ ಬಂದ್ರ ನನ್ನ ಸೆರಗ ಹಿಡಕೊಳ್ರಿ, ಆದ್ರ ಒದರಬ್ಯಾಡ್ರಿ... ಇದು ಎಲ್ಲ್ಯೋ ಯಾರಿಗೋ ಆದ ಕತಿ ಅಲ್ಲ. ನನ್ನ ತಂಗಿ ಮಗಳು ಯಾಸ್ಮಿನ ಅದಾಳಲ್ಲ, ಇಂಡಿ ಊರಿಗೆ ಕೊಟ್ಟಾಕಿ, ಆಕಿಗಿ ಆದದ್ದು.

ಆಕಿ ಗಂಡ ನಬಿಲಾಲ. ಗಾಡಿಗೆ ಬಾಡಿ ಕಟ್ಟೂದು ಅವನ ಕಸಬು. ಟ್ರ್ಯಾಕ್ಟರ್ ಟ್ರಾಲಿ, ಟಂಟಂ, ಲಾರಿ ಮಾರಿ, ತಗಡ ಬಡದು ಏನ ಬೇಕಾದ್ದ ಮಾಡತಿದ್ದ. ಮನಶ್ಯಾ ಕೆಟ್ಟಾಂವಲ್ಲ. ಆದ್ರ ಒಂದು ಚಟ ಇತ್ತು. ಹಳೇ ತಗಡ ಕಂಡ್ರ ಕೈ ಕಡೀತಿತ್ತು. ಈಗಿನ ತಗಡ ಹಪ್ಪಳ ಇದ್ದಂಗ, ಸುತ್ತಿಗಿ ಬಿದ್ರ ಸೀಳತೈತಿ; ಹಳೇದು ನಾದಿದ ಹಿಟ್ಟಿನಂಗ, ಬಡದಷ್ಟು ಬರತೈತಿ ಅಂತಿದ್ದ. ಪಾಳ ಬಿದ್ದ ಮನಿ ಕದ, ಕಾಳ ತುಂಬೂ ಹಗೇವಿನ ಮುಚ್ಚಳ, ಏನ ಕಣ್ಣಿಗಿ ಬಿದ್ರೂ ಯಾರನ್ನೂ ಕೇಳೂದಿಲ್ಲ, ಹೊತಗೊಂಡ ಬರೂದು. ಆ ಕಸಬಿನವರೆಲ್ಲಾ ಹಂಗ. ತುಕ್ಕ ಹಿಡದದ್ದಕ್ಕ ಧಣಿ ಎಲ್ಲಿ ಅಂತಾರ.

ಅವನ ಹತ್ರ ಮನಗೂಳಿಯಿಂದ ಸಿದ್ದಲಿಂಗ ಬಂದ. ದೊಡ್ಡ ಹೊಲದ ಮನಿ ಮಗ, ಮಾತಿನಾಗ ಖಾರ ಜಾಸ್ತಿ. ಸೊಲ್ಲಾಪುರದಿಂದ ಒಂದು ಹಳೇ ಕಾರು ಎಳಸಿಕೊಂಡ ಬಂದಿದ್ದ, ಆಮಿ ಬೆನ್ನಿನಂಥಾದ್ದು. ಅದರ ಇಂಜಿನ್ ಹಿಂದ ಇರತೈತಿ. ಅದಕ್ಕ ನೀರ ಹಾಕೂದಿಲ್ಲ. ಫಟಫಟಿ ಇದ್ದಂಗ ಗಾಳೀಲೇ ತಣ್ಣಗಾಗಬೇಕು. ಒಳಗೊಂದು ಪಂಖಾ ಇರತೈತಿ, ಅದು ಗಾಳಿ ಎಳಕೊಂಡು ಇಂಜಿನ್ನಿನ ಮೈಗಿ ಊದತೈತಿ. ಸಿದ್ದಲಿಂಗ ಫೋನಿನಾಗ ಪರದೇಶದ ರೇಸ್ ಕಾರ್ ತೋರಿಸಿದ. "ಈ ಇಂಜಿನ್ ಮ್ಯಾಲ ಇಂಥಾದ್ದ ಬಾಡಿ ಕಟ್ಟು. ಅಸಲಿ ಯಾವುದು ನಕಲಿ ಯಾವುದು ಯಾವ ಮಗನಿಗೂ ತಿಳೀಬಾರದು" ಅಂದ.

ನಬಿಲಾಲ ಕಟ್ಟಿದ. ಫೈಬರಿನಾಗ ಎರಕ ಹೊಯ್ದು, ಉಜ್ಜಿ ಉಜ್ಜಿ ಕನ್ನಡಿ ಮಾಡಿದ. ಜಗಳ ಹತ್ತಿದ್ದು ಹಿಂದಿನ ಮುಚ್ಚಳಕ್ಕ.

"ಧಣಿ, ಹಿಂದ ಜಾಳಿಗಿ ಬಿಡಬೇಕ್ರಿ. ಇಂಜಿನ್ ಉಸರಾಡಬೇಕು."

"ಜಾಳಿಗಿ ಬಿಡಾಕ ಇದೇನ ಕೋಳಿ ಗೂಡೇನಲೇ? ಬೆನ್ನ ದ್ರಾಕ್ಷಿಹಣ್ಣಿನಂಗ ನುಣ್ಣಗ ಇರಬೇಕು."

"ಸುಡತೈತ್ರಿ."

"ಸುಡಲಾರದಂಗ ಮಾಡಲಿ ಅಂತನ ನಿನ್ನ ಹತ್ರ ತಂದೇನಿ. ಆಗೂದಿಲ್ಲಂದ್ರ ಬಾಯಿ ಬಿಡು. ಸಿಂದಗ್ಯಾಗ ನಿನಗಿಂತ ಛಲೋ ಕೈ ಅದಾವ."

ಆ ಮಾತ ನಬಿಲಾಲನ ಎದಿಗಿ ನಟ್ಟಿತು. ಜಾಳಿಗಿ ಇಲ್ಲದ ಮುಚ್ಚಳ ಮಾಡಿ ಕೂಡಿಸಿದ. ಆದದ್ದೇನು? ಕಾರು ಊರ ದಾಟೂದ್ರಾಗ ಸುಟ್ಟ ಎಣ್ಣಿ ವಾಸನಿ. ಗಕ್ ಅಂತ ನಿಂತಬಿಡೂದು. ಬಸ್ ಸ್ಟ್ಯಾಂಡ್ ಮಂದಿ ಸಿದ್ದಲಿಂಗಗ, "ಸಾಹುಕಾರ್ರ, ಎತ್ತ ಹೂಡೂಣೇನ್ರಿ?" ಅಂತ ಕಾಡೂದು. ಸಿದ್ದಲಿಂಗ ಅದನ್ನೆಲ್ಲಾ ತಂದು ನಬಿಲಾಲನ ಮ್ಯಾಲ ಸುರಿಯೂದು.

ಆಗ ನಬಿಲಾಲಗ ಒಂದು ವಿಚಾರ ಹೊಳೀತು. ಹಿಂದ ತೂತ ಬ್ಯಾಡಂದ್ರ ಒಳಗಿಂದ ಗಾಳಿ ತಗೊಂಡ್ರಾತು! ಹಿಂದಿನ ಸೀಟಿನ ಬೆನ್ನಿಗೆ ಒಂದು ಬಾಯಿ ಕೊರದು, ಅಲ್ಲಿಂದ ಇಂಜಿನ್ನಿನ ತನಕ ತಗಡಿನ ಕೊಳವಿ. ಕುಂತವರ ಸುತ್ತಲಿನ ಗಾಳೀನ ಪಂಖಾ ಎಳಕೋತೈತಿ. ಹೊರಗ ಏನೂ ಕಾಣೂದಿಲ್ಲ. ಆದ್ರ ಆ ಕೊಳವಿ ಸುತ್ತೆಲ್ಲಾ ಬಳಸಿ ಬರಬೇಕು, ಅದಕ್ಕ ಬಗ್ಗೂ ತಗಡ ಬೇಕು. ಹಳೇ ತಗಡ.

ಅದನ್ನ ಹುಡಕಾಕ ಝಳಕಿಗಿ ಹೋದ. ಸಿಗಲಿಲ್ಲ. ಹೊಳ್ಳಿ ಬರೂಮುಂದ ರಾತ್ರಿ ಆಗಿತ್ತು, ಹಾದ್ಯಾಗ ಫಟಫಟಿ ಪೆಟ್ರೋಲ್ ಮುಗೀತು. ಗಾಡಿ ನೂಕ್ಕೊಂತ ನಡದ. ಬೆಳದಿಂಗಳಿತ್ತು. ರಸ್ತಾದ ಬಾಜೂಕ ಒಂದು ಹೊಲ, ಹೊಲದಾಗ ಒಂದು ಬಾವಿ. ಬಾವಿ ಬಾಯಿಗಿ ದೊಡ್ಡದೊಂದು ತಗಡ ಮುಚ್ಚಿತ್ತು, ಒಂದ ಮೂಲಿಗಿ ಇಟ್ಟಂಗಿ ಕೊಟ್ಟು ಎತ್ತಿದ್ರು, ಕೈ ಹೋಗೂವಷ್ಟು ಸಂದಿ. ನಬಿಲಾಲ ಅದನ್ನೇನ ನೋಡ್ಯಾನು? ತಗಡ ನೋಡಿದ. ದಪ್ಪ, ಹಳೇ ಕಾಲದ್ದು. ಗಾಡಿ ನಿಲ್ಲಿಸಿ ಹೋಗಿ ಕೈಬಟ್ಟಿನ ಗೆಣ್ಣಿಲೆ ಬಡದ.

ಠಣ್.

ಗಂಟಿ ನಾದ! ಖುಷಿ ಆತು. ಹೊಳ್ಳಿ ನಿಂತ...

ಡಬ್.

ತಗಡಿನ ಕೆಳಗಿಂದ. ಅಂಗೈಲೆ ಬಡದಂಗ.

ಬಾವಿ ದನಿ, ನಂದ ನನಗ ಕೇಳಿಸ್ತು ಅಂದಕೊಂಡ. ಗಂಟಿ ಹಂಗ ಬಡದ್ರ ದನಿ ಡಬ್ ಅಂತ ಯಾಕ ಬರಬೇಕು ಅನ್ನೂದು ಅವಗ ಹೊಳೀಲಿಲ್ಲ ನೋಡ್ರಿ.

ಮರದಿವಸ ಸಿದ್ದಲಿಂಗನ ಜೀಪ್ ತಗೊಂಡು ಇಬ್ಬರೂ ಹೋಗಿ ಆ ತಗಡ ಎತ್ತಿ ಹೇರಿದ್ರು. ದೂರದ ಗುಡಸಲದಿಂದ ಒಬ್ಬಾಕಿ ಮುದುಕಿ ಸೀರಿ ನಿರಿಗಿ ಹಿಡಕೊಂಡು ಓಡಿಬಂದ್ಲು. ಆ ಹೊಲದ ಶಂಕ್ರೆವ್ವ.

"ಯಪ್ಪಾ ಬ್ಯಾಡ್ರೋ! ಅದನ್ನ ಒಯ್ಯಬ್ಯಾಡ್ರೋ! ಅದರ ಕೆಳಗ ನನ್ನ ಗಂಡ ಅದಾನ!"

ಸಿದ್ದಲಿಂಗ ನಕ್ಕ. "ಗಂಡನ್ನ ನೀನ ಇಟ್ಕೋ ಮುದುಕಿ, ತಗಡಷ್ಟ ನಮಗಿರಲಿ."

"ನಿನ್ನ ನಾಲಿಗಿಗಿ ಹುಳ ಬೀಳಲಿ! ಒಯ್ರಿ, ಒಯ್ರಿ... ಅಂವನ್ನೂ ಕರಕೊಂಡ ಹೊಂಟೀರಿ!"

ನಬಿಲಾಲ ತಿರಗಿ ಒಂದ ಮಾತ ಕೇಳಬೇಕಿತ್ತು. ಏನವ್ವಾ, ಯಾಕ ಹಿಂಗಂತಿ ಅಂತ. ಕೇಳಲಿಲ್ಲ.

ತಗಡ ಕಡದ, ಬಡದ, ಬಗ್ಗಿಸಿದ. ಹಿಟ್ಟಿನಂಗ ಬಂತು. ಕೊಳವಿ ಮಾಡಿ ಕೂಡಿಸಿ ಕಾರ್ ಚಾಲೂ ಮಾಡಿದ್ರ... ಏನ ಹೇಳ್ಲಿ! ಇಂಡಿ ಸುತ್ತ ತಿರಗಾಡಿದ್ರೂ ಬಿಸಿ ಆಗವಲ್ಲದು. ಮುಚ್ಚಳ ತಗದು ಇಂಜಿನ್ ಮ್ಯಾಲ ಕೈ ಇಟ್ರ ತಣ್ಣಗ. ಬರೇ ತಣ್ಣಗಲ್ಲ, ಬಾವಿ ಒಳಗಿನ ಕಲ್ಲಿನಂಗ ತಣ್ಣಗ, ಹಸಿ ಹಸಿ. ಓಡಿ ನಿಂತ ಇಂಜಿನ್ ಆರಬೇಕಾದ್ರ ಟಿಕ್... ಟಿಕ್... ಅಂತ ಸಪ್ಪಳ ಮಾಡತೈತಿ, ತಗಡ ಕುಗ್ಗೂದು. ಇದು ಮಾಡಲಿಲ್ಲ. ಇದು ಬಂದ್ ಮಾಡಿದ ಮ್ಯಾಲ, "ಹಾಂಽಽ..." ಅಂತ ಒಂದ ಉಸರು ಎಳಕೋತಿತ್ತು. ಬಿಡತಿರಲಿಲ್ಲ. ಬರೇ ಎಳಕೋತಿತ್ತು.

ಸಿದ್ದಲಿಂಗಗ ಹಿಗ್ಗು. "ನಡೀಲೇ ಉಸ್ತಾದ, ಝಳಕಿ ಢಾಬಾದಾಗ ಊಟ ನಂದು. ನಿನ್ನ ಹೆಂಡತೀನೂ ಕರಕೊ."

ಯಾಸ್ಮಿನಳಿಗಿ ಸಣ್ಣಾಕಿ ಇದ್ದಾಗಿಂದ ದಮ್ಮಿನ ಬ್ಯಾನಿ. ಧೂಳ ಆಗೂದಿಲ್ಲ, ಹೊಗಿ ಆಗೂದಿಲ್ಲ. ಒಲ್ಲೆ ಅಂದ್ಲು. "ಗಾಜ ಮುಚ್ಚಿದ ಗಾಡಿ, ಧೂಳ ಬರೂದಿಲ್ಲ ಬಾ" ಅಂತ ನಬಿಲಾಲನ ಹಟ ಮಾಡಿದ. ಬಾಜೂಕಿನ ಗಾಜು ಇಳಿಯೂವಂಥವಲ್ಲ, ಬಾಡಿಯೊಳಗ ಅಂಟಿಸಿದಂಥವು. ಮುಂದ ಇಬ್ಬರು ಗಂಡಸರು. ಹಿಂದಿನ ಸಣ್ಣ ಸೀಟಿನಾಗ ಯಾಸ್ಮಿನ, ಆ ತಗಡಿನ ಬಾಯಿಗಿ ಬೆನ್ನ ಕೊಟ್ಟು.

ಹೋಗೂಮುಂದ ಏನೂ ಆಗಲಿಲ್ಲ. ಬರೂಮುಂದ...

ಢಾಬಾ ಬಿಟ್ಟು ಕತ್ತಲಿ ರಸ್ತಾಕ್ಕ ಇಳದಿದ್ರು. ಹಿಂದಿನಿಂದ ಯಾಸ್ಮಿನ ಮೆಲ್ಲಕ ಅಂದ್ಲು, "ಏನ್ರಿ... ಹಿಂದ ಯಾರೋ ಬಡ್ಯಾಕತ್ತಾರ್ರಿ."

"ಇಂಜಿನ್ ಅದು."

"ಇಂಜಿನ್ ಅಲ್ರಿ... ಕೈ."

ನಬಿಲಾಲ ಕಿವಿಗೊಟ್ಟ. ಇಂಜಿನ್ನಿನ ಟಕಟಕದ ಒಳಗ ಮತ್ತೊಂದು. ಡಬ್. ಡಬ್. ಡಬ್. ಅಂಗೈಲೆ.

ಸಿದ್ದಲಿಂಗ ಅಂದ, "ಒಳಗ ಹೆಗ್ಗಣ ಹೊಕ್ಕಿರಬೇಕು. ಬೇಯಲಿ."

ಸ್ವಲ್ಪ ಹೊತ್ತಿಗಿ ಯಾಸ್ಮಿನಳ ಎದ್ಯಾಗ ಸುಂಯ್... ಸುಂಯ್... ಸೀಟಿ ಹತ್ತಿತು. "ಗಾಡಿ... ನಿಲ್ಲಸ್ರಿ..." ನಬಿಲಾಲ ತಿರಗಿ ನೋಡಿದ. ಆಕಿ ದುಪಟ್ಟಾದ ಚುಂಗು ಸೀಟಿನ ಬೆನ್ನಾಗಿನ ಆ ಬಾಯಿ ಒಳಗ ಹೊಂಟಿತ್ತು. ಬಿಗಿದು ಬಿಗಿದು, ಯಾರೋ ಎರಡೂ ಕೈಲೆ ಜಗ್ಗಿದಂಗ. ಆಕಿ ಕೊರಳು ಹಿಂದಕ್ಕ ಹೊಂಟಿತ್ತು.

"ಧಣಿ ನಿಲ್ಲಸ್ರಿ! ಗಾಡಿ ನಿಲ್ಲಸ್ರಿ!"

ಸಿದ್ದಲಿಂಗ ಬ್ರೇಕ್ ಒತ್ತಿ ಕೀಲಿ ತಿರವಿದ. ಗಾಡಿ ನಿಂತಿತು, ಇಂಜಿನ್ ನಿಲ್ಲಲಿಲ್ಲ. ಕೀಲಿ ಕಿತ್ತ. ನಿಲ್ಲಲಿಲ್ಲ. ಟಕಟಕಟಕ... ಇನ್ನೂ ಜೋರ. ಕೀಲಿ ಅವನ ಕೈಯಾಗ, ಇಂಜಿನ್ ಹಿಂದ ಓಡಾಕತ್ತೈತಿ! ಒಳಗ ಗಾಳಿ ಕಡಿಮಿ ಆಗಿ ಕಿವಿ ಗುಂಯ್ ಅಂದ್ವು. ಬಾಗಲ ನೂಕಿದ್ರ ಬಾಗಲ ಬರವಲ್ಲದು. ಹೊರಗ ಯಾರೋ ಬೆನ್ನ ಕೊಟ್ಟು ನಿಂತಂಗ.

ಆಗ ಆ ತಗಡಿನ ಬಾಯಿಂದ ಒಂದು ದನಿ. ಸಣ್ಣಗ. ಹಲ್ಲಿನ ಸಂದ್ಯಾಗಿಂದ.

"ಮುಚ್ಚಿದ್ರೇನಲೇ... ಮತ್ತ ಮುಚ್ಚಿದ್ರೇನಲೇ..."

ನಬಿಲಾಲ ಕಾಲಬುಡಕ ಬಿದ್ದಿದ್ದ ಕಬ್ಬಿಣದ ಪಾನಾ ಎತ್ತಿ ಬಾಗಲಿಗಿ ಬಡದ. ತಾನ ಉಜ್ಜಿ ಕನ್ನಡಿ ಮಾಡಿದ ಬಾಗಲ. ಫಟಾರ್ ಅಂತ ಫೈಬರ್ ಒಡೀತು.

"ಏ! ಬಾಡಿ ಒಡೀಬ್ಯಾಡಲೇ ಹುಚ್ಚ ಸೂಳೆಮಗನ!" ಅಂದ ಸಿದ್ದಲಿಂಗ. ಆ ಹೊತ್ತಿನ್ಯಾಗೂ ಅವಗ ಬಾಡಿ ಚಿಂತಿ!

ನಬಿಲಾಲ ಆ ತೂತಿನಾಗಿಂದ ನುಸದು ಹೊರಗ ಬಿದ್ದ. ಬಾಗಲ ಒಡದ್ರೂ ಒಳಗ ಗಾಳಿ ಹೋಗವಲ್ಲದು, ಯಾಸ್ಮಿನಳ ತುಟಿ ನೀಲಿ ಆಗಿದ್ವು. ಹಿಂದಕ್ಕ ಓಡಿದ. ಮುಚ್ಚಳ ತಗೀಬೇಕು. ಎಲ್ಲಿ ಹಿಡದು ತಗೀತಾನ? ಜಾಳಿಗಿ ಇಲ್ಲ, ಸಂದಿ ಇಲ್ಲ, ಬಟ್ಟ ಹಾಕಾಕ ಜಾಗಾ ಇಲ್ಲ. ಮುಚ್ಚಳ ಬಿಚ್ಚೂ ಹಿಡಿಕಿ ಒಳಗ, ಸಿದ್ದಲಿಂಗನ ಕಾಲಬುಡಕ. "ಹಿಡಿಕಿ ಎಳೀರಿ ಧಣಿ!" ಅಂತ ಒದರಿದ. ಸಿದ್ದಲಿಂಗ ಬಾಗಲ ತೂತಿನಾಗ ಸಿಕ್ಕೊಂಡು, ತನ್ನ ಜೀವ ಹೊರಗ ಎಳಕೊಳ್ಳಾಕತ್ತಿದ್ದ. ಉಗರ ಕಿತ್ತ ಬರೂವಂಗ ಪರಚಿದ ನಬಿಲಾಲ. ನುಣ್ಣಗ. ದ್ರಾಕ್ಷಿಹಣ್ಣಿನಂಗ ನುಣ್ಣಗ. ಒಳಗ ಯಾಸ್ಮಿನಳ ಸೀಟಿ... ಸುಂಯ್... ಸುಂ... ನಿಂತಿತು.

ಎಲ್ಲಿಂದ ಬಲ ಬಂತೋ ಅಲ್ಲಾಗ ಗೊತ್ತು. ರಸ್ತಾದ ಬಾಜೂಕಿನ ಕಲ್ಲ ಎತ್ತಿ ಮುಚ್ಚಳದ ಮ್ಯಾಲ ಹಾಕಿದ. ಒಡದ ಸಂದ್ಯಾಗ ಎರಡೂ ಕೈ ಹಾಕಿ ಆ ತಗಡಿನ ಕೊಳವಿ ಕಿತ್ತ. ಕೈ ಕೊಯ್ದು ರಕ್ತ ಸೋರಿತು, ತಗಡಿಗಿ ಹತ್ತಿದ ರಕ್ತ ಅಲ್ಲೇ ಹೆಪ್ಪಗಟ್ಟಿತಂತ, ಅಷ್ಟ ತಣ್ಣಗ. ಕಿತ್ತ ಒಗದ.

ಇಂಜಿನ್ ನಿಂತಿತು.

ಸುಮ್ಮನ... ಕಿರ್ ಅನ್ನೂ ಮಿಡಚೀ ಸೈತ ಸುಮ್ಮನ.

ಯಾಸ್ಮಿನಳನ್ನ ಹೊರಗ ಎಳದು ಮಲಗಿಸಿದ. ಬೆನ್ನ ತಿಕ್ಕಿದ, ಹೆಸರ ಹಿಡದು ಕರದ. ಆಕಿ ಒಮ್ಮೆಲೆ "ಹಾಂಽಽ..." ಅಂತ ಉಸರ ಎಳಕೊಂಡ್ಲು. ಜೀವ ಬಂತು.

ಬ್ಯಾಟರಿ ಹಿಡಕೊಂಡು ಶಂಕ್ರೆವ್ವ ಬಂದ್ಲು. ಆಗ ನೋಡ್ತಾರ, ಗಾಡಿ ನಿಂತದ್ದು ಆಕಿ ಬಾವಿ ಎದುರಿಗೇ. ಬಯ್ಯಲಿಲ್ಲ ಆಕಿ. ದೂರ ನಿಂತು ಪಿಸಪಿಸ ಹೇಳಿದ್ಲು.

"ನನ್ನ ಗಂಡ ಪರಪ್ಪ ನೀರೆತ್ತೂ ಡೀಸೆಲ್ ಇಂಜಿನ್ ಚಾಲೂ ಮಾಡಾಕ ಬಾವಿಗಿ ಇಳದಿದ್ದ. ಇಂಜಿನ್ ಒಳಗ ಮೆಟ್ಟಲ ಮ್ಯಾಲ ಇತ್ತು. ಮ್ಯಾಲ ಬಿರುಗಾಳಿ ಎದ್ದು ಈ ತಗಡ ಸರದು ಬಾಯಿ ಮುಚ್ಚಿತು. ಹೊಗಿ ತುಂಬಿತು. ಅಂಗೈಲೆ ಬಡದ, ಬಡದ... ಇಂಜಿನ್ ಸಪ್ಪಳದಾಗ ಯಾರಿಗೂ ಕೇಳಲಿಲ್ಲ. ನಾನೂ ಅಲ್ಲೇ ಕಳೇ ತಗ್ಯಾಕತ್ತಿದ್ನಿ, ನನಗೂ ಕೇಳಲಿಲ್ಲ. ಅಂವ ಬಾವ್ಯಾಗ ಇರೂದಿಲ್ಲ ಯಪ್ಪಾ. ತಗಡಿನ ಕೆಳಗ ಇರತಾನ. ಇಟ್ಟಂಗಿ ಕೊಟ್ಟು ಗಾಳಿ ಬಿಟ್ಟಿದ್ನಿ, ಸುಮ್ಮನಿದ್ದ. ನೀವು ಅವನ ತಲಿಮ್ಯಾಲ ಮತ್ತ ಇಂಜಿನ್ ಹಚ್ಚಿದ್ರಿ."

ನಬಿಲಾಲ ತಗಡ ಎತ್ತಿಕೊಂಡು ಬಾವಿ ಮ್ಯಾಲ ಇಟ್ಟ. ಕೂಡಲಿಲ್ಲ. ಕಡದು ಬಗ್ಗಿಸಿದ ತಗಡ ಅಷ್ಟ ದೊಡ್ಡ ಬಾಯಿಗಿ ಎಲ್ಲಿ ಕೂಡತೈತಿ? ಅತ್ತ ಇಟ್ರ ಇತ್ತ ತೆರೀತಿತ್ತು.

ಯಾಸ್ಮಿನ ನೀರ ಕೇಳಿದ್ಲು. ಶಂಕ್ರೆವ್ವ ತಂಬಿಗಿ ತಂದು ನೆಲಕ್ಕಿಟ್ಟು, ಹಿಂದಕ್ಕ ಸರದು ನಿಂತಳಂತ. ಕೈಗಿ ಕೊಡಲಿಲ್ಲ. ಯಾಸ್ಮಿನ ಉಸರ ಎಳಕೊಳ್ಳೂದನ್ನ ಕಿವಿಗೊಟ್ಟು ಕೇಳಿ, ಆಕಿ ಮಾರೀನ ಭಾಳೊತ್ತು ನೋಡಿ, "ಈಕಿನ್ನ ಕರಕೊಂಡ ಹೋಗ್ರಿ. ನನ್ನ ಹೊಲದಾಗ ನಿಲ್ಲಸಬ್ಯಾಡ್ರಿ" ಅಂದ್ಲು.

ಮುಂದ ಏನಾದ್ರು ಅಂತೀರಿ? ಸಿದ್ದಲಿಂಗ ಮನಗೂಳ್ಯಾಗ ಅದಾನ. ಕಾರು ಅವನ ಹೊಲದಾಗ ತಾಡಪಾಲ ಹೊದ್ದು ಬಿದ್ದೈತಿ. ಚಳಿಗಾಲದಾಗೂ ಕಟ್ಟಿ ಮ್ಯಾಲನ ಮಲಗತಾನ, ಯಾವ ಕದಾನೂ ಹಾಕಗೊಡೂದಿಲ್ಲ, ಕಚೇರಿಗಿ ಹೋದ್ರೂ ಹೊಸ್ತಿಲದಾಗ ಕುಂದರತಾನ. ನಬಿಲಾಲ ಇಂಡಿ ಬಿಟ್ಟು ಮುದ್ದೇಬಿಹಾಳಕ್ಕ ಹೋದ; ಟ್ರಾಲಿ ಅಷ್ಟ ಕಟ್ಟತಾನ, ಮ್ಯಾಲ ಮುಚ್ಚಿದ್ದು ಏನೂ ಕಟ್ಟೂದಿಲ್ಲ. ಹಳೇ ತಗಡ ಮುಟ್ಟೂದಿಲ್ಲ. ಶಂಕ್ರೆವ್ವ ತೀರಿಕೊಂಡ್ಲು, ವಯಸ್ಸಾಗಿತ್ತು. ಬಾವಿಗಿ ಮಂದಿ ಮಣ್ಣ ತುಂಬಿದ್ರು.

ಯಾಸ್ಮಿನ ಆರಾಮ ಅದಾಳ. ದಮ್ಮಿನ ಬ್ಯಾನಿ ಹೋಗೇಬಿಡ್ತು, ಡಾಕ್ಟರರಿಗೂ ಸೋಜಿಗ. ಹೋದ ವಾರ ಇಲ್ಲಿ ಬಂದಿದ್ಲಲ್ಲ, ರಾತ್ರಿ ಕರೆಂಟ್ ಹೋತು, ನಾ ಮೇಣಬತ್ತಿ ಹಚ್ಚಿಟ್ಟೆ. ಕಿಟಕಿ ಮುಚ್ಚಿದ್ವು, ಕದ ಹಾಕಿತ್ತು, ಎಲ್ಲೂ ಗಾಳಿ ಇರಲಿಲ್ಲ. ಆಕಿ ಇಲ್ಲೇ, ಈ ಗ್ವಾಡಿಗಿ ಮಲಗಿ ನಿದ್ದಿ ಹೋಗಿದ್ಲು, ಉಸರ ಎಳಕೊಳ್ಳೂದಷ್ಟ ಕೇಳತಿತ್ತು, ಬಿಡೂದು ಕೇಳತಿರಲಿಲ್ಲ. ಬತ್ತಿ ಉರಿ ಆಕಿ ಕಡೆ ವಾಲಿತ್ತು. ನಾ ಎದ್ದು ಬತ್ತಿ ಆ ಕಡೆ ಒಯ್ದಿಟ್ಟೆ. ಅಲ್ಲಿಂದ್ಲೂ ಆಕಿ ಕಡೇನ ವಾಲಿತು.

ಖರೇ ಐತಿ. ನಾನ ನೋಡೇನಿ, ಈ ಕಣ್ಣೀಲೆ.