ದಂಟಿನ ದೋಣಿ

ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದ ಸಾವಿತ್ರವ್ವನ ಪಕ್ಕದಲ್ಲೇ ಗಂಡ ಹೆಂಡತಿ, ಎರಡು ಸಣ್ಣ ಮಕ್ಕಳನ್ನು ಕಟ್ಟಿಕೊಂಡು, ಕಾರವಾರದ ಸಮುದ್ರಕ್ಕೆ ಹೋಗುವ ಮಾತಾಡುತ್ತಿದ್ದರು.

"ಒಂದ ರಾತ್ರಿ ಸಾಕು, ಪಲ್ಲವಿ."

"ಒಂದ ದಿನ ಹೋಗೂದು, ಒಂದ ದಿನ ಬರೂದು. ನಡುವ ಸಮುದ್ರಕ್ಕ ಕೈ ಮುಗದು ಬರೂಣೇನು? ಎರಡ ರಾತ್ರಿ ಇರೂಣ್ರಿ."

"ರಜಾ ಕೊಡಾಂವ ನಿಮ್ಮಪ್ಪೇನು?"

ಐದು ವರ್ಷದ ಮಗಳು ಅಪ್ಪನ ತೋಳು ಜಗ್ಗಿದಳು.

"ಅಪ್ಪಾ, ನನ್ನ ದೋಣಿ ಅಲ್ಲಿ ಮುಟ್ಟಿರತೈತೇನು?"

"ಯಾವ ದೋಣಿ?"

"ತಂಗಡಗಿ ಹೊಳ್ಯಾಗ ಬಿಟ್ಟೆನಲ್ಲ, ಜ್ವಾಳದ ದಂಟಿಂದು. ಅದರಾಗ ಒಂದ ತೊಗರಿ ಕಾಳು ಕುಂತೈತಿ, ಸಮುದ್ರ ನೋಡಾಕ. ಹೊಳಿ ಸಮುದ್ರಕ್ಕ ಹೋಗತೈತಿ ಅಂತ ನೀನ ಹೇಳಿದ್ದಿ."

ಸಾವಿತ್ರವ್ವನ ತವರು ತಂಗಡಗಿ. ಅಲ್ಲಿಯ ಹೊಳೆ ಕೃಷ್ಣೆ ಹರಿಯುವುದು ಮೂಡಲಿಗೆ, ಕಾರವಾರ ಇರುವುದು ಪಡುವಲಿಗೆ. ಅದು ಹುಡುಗಿಯ ಅಪ್ಪನಿಗೂ ಗೊತ್ತಿತ್ತು. ಹೇಳಲು ಬಾಯಿ ತೆರೆದವನು ಮಗಳ ಮುಖ ನೋಡಿ ತಡೆದುಕೊಂಡ.

"ದಂಟಿನ ದೋಣಿ ಮೆಲ್ಲಕ ಹೋಗತೈತವ್ವಾ."

"ಹಂಗಾದ್ರ ಅದು ಬರೂತನಾ ದಂಡಿಮ್ಯಾಲ ಕೂಡೂಣು."

ಅಷ್ಟರಲ್ಲಿ ವಿಜಯಪುರದ ಬಸ್ಸು ಬಂತು. ಅವನು ಮಗಳನ್ನು ಹೆಗಲಿಗೇರಿಸಿಕೊಂಡ.

"ಎರಡ ರಾತ್ರಿ ಕಾಯೂಣು. ಆಗೂ ಬರದಿದ್ರ?"

"ಮುಂದಿನ ವರ್ಷ ಮತ್ತ ಹೋಗಿ ನೋಡೂಣು," ಅಂದಳು ಪಲ್ಲವಿ, ಕೂಸನ್ನು ಎತ್ತಿಕೊಂಡು ಬಸ್ ಹತ್ತುತ್ತ.