ಗಾಜು ಇಳಿಸಿದ ಪಿಕಪ್

ಟೈರಿನಂಗಡಿಯ ಬೆಂಚಿನಲ್ಲಿ ಸರದಿ ಕಾಯುತ್ತಿದ್ದ ಥೋರಾಳ ಕಿವಿಯೆಲ್ಲ ಪಕ್ಕದ ಗಂಡ ಹೆಂಡತಿಯ ಮಾತಿನ ಮೇಲೇ ಇತ್ತು.

"ಪಿಕಪ್ಪಿಗೆ ಮೊಳೆ ಹೊಡೆದ ಟೈರು ಯಾಕೆ, ಬ್ಯಾರ್ನಿ?"

"ರಸ್ತೆ ಜಾರುತ್ತೆ ಕಣೇ."

"ಹಿಮ ಕರಗಲಿ ಅಂತ ರಸ್ತೆಗೆ ಉಪ್ಪು ಹಾಕ್ತಾರೆ. ಮೊಳೆ ಬೇಕಾಗೋದು ಹೆಪ್ಪುಗಟ್ಟಿದ ಸರೋವರದ ಮೇಲೆ ಓಡಿಸೋಕೆ. ಮತ್ತೆ ಅಲ್ಲಿ ಮೀನು ಹಿಡಿಯೋಕೆ ಹೋಗ್ತಿದೀಯಾ?"

"ಮಂಜುಗಡ್ಡೆ ಒಡೆದು ನಿನ್ನ ತಮ್ಮ ಗಾಡಿ ಸಮೇತ ಮುಳುಗಿದ ಮೇಲೆ ಆ ಕಡೆ ತಲೆನೇ ಹಾಕಿಲ್ಲ, ಸೋಲ್ವೇಗ್."

"ಹಾಗಾದ್ರೆ ನಿನ್ನೆ ನಿನ್ನ ಸೀಟಿನ ಮೇಲೆ ಹಿಮ ಹೇಗೆ ಬಂತು? ಈ ಚಳೀಲಿ ಗಾಜು ಇಳಿಸ್ಕೊಂಡು ಓಡಿಸೋದು ಸರೋವರದ ಮೇಲೆ ಮಾತ್ರ, ಮುಳುಗಿದ್ರೆ ಈಚೆ ನೆಗೆಯೋಕೆ."

"ಸಿಗರೇಟು ಸೇದೋಕೆ ಇಳಿಸಿದ್ದೆ."

"ಅದನ್ನೂ ಬಿಟ್ಟೆ ಅಂತ ಆಣೆ ಇಟ್ಟಿದ್ದೆಯಲ್ಲ!"

ಬ್ಯಾರ್ನಿ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ. ಅಂಗಡಿಯವನು ಕರೆದಾಗ ಸೋಲ್ವೇಗ್ ತಾನೇ ಎದ್ದು ನಡೆದಳು.

"ಮೊಳೆ ಇರೋದನ್ನೇ ಹಾಕಪ್ಪ. ಇನ್ಮೇಲೆ ನಾನೂ ಪಕ್ಕದಲ್ಲಿ ಕೂತಿರ್ತೀನಿ, ನನ್ನ ಕಡೆ ಗಾಜೂ ಇಳಿದಿರುತ್ತೆ."